ಹಳೆಯ ಕಾರಿನ ಹಲ್ಲು ಎಣಿಸುವ ವಿದ್ಯೆ

ಜಾತ್ರೆಯಲ್ಲಿ ಎತ್ತು ಕೊಳ್ಳಲು ಹೋದ ರೈತ ಮೊದಲು ನೋಡುವುದು ಎತ್ತಿನ ಅಂದವನ್ನಲ್ಲ. ಬಾಯಿ ತೆರೆಸಿ ಹಲ್ಲು ಎಣಿಸುತ್ತಾನೆ, ಮೈಮೇಲಿನ ಸುಳಿ ಹುಡುಕುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲು ಎಳೆಯುತ್ತದೆಯೇ ಎಂದು ಗಮನಿಸುತ್ತಾನೆ. ಕೊಂಬಿಗೆ ಎಣ್ಣೆ ಸವರಿ, ಮೈ ತಿಕ್ಕಿ ಹೊಳಪು ಬರಿಸಿ ನಿಲ್ಲಿಸಿದ ಎತ್ತಿನ ಮೇಲೆ ಅವನಿಗೆ ಗುಮಾನಿಯೇ ಹೆಚ್ಚು. ಅಮೆರಿಕದಲ್ಲಿ ಎಪ್ಪತ್ತು ವರ್ಷ ಹಳೆಯ ಕಾರು ಕೊಳ್ಳುವವರ ವಿದ್ಯೆಯೂ ಹೆಚ್ಚುಕಡಿಮೆ ಇದೇ. ಕಣ್ಣು ಕೋರೈಸುವ ಬಣ್ಣವನ್ನು ಅವರು ಕೊನೆಗೆ ನೋಡುತ್ತಾರೆ. ಮೊದಲು ನೋಡುವುದು ಬಾಗಿಲ ಸಂದಿಯಲ್ಲಿರುವ ಒಂದು ಸಣ್ಣ ತಗಡಿನ ಪಟ್ಟಿಯನ್ನು, ಆಮೇಲೆ ಕಾರಿನ ಹೊಟ್ಟೆಯಡಿಯನ್ನು.

ಇಲ್ಲಿ ಹೇಳುತ್ತಿರುವುದು ಒಂದು ವಿಶೇಷ ಜಾತಿಯ ಕಾರಿನ ಬಗ್ಗೆ. ಎರಡೇ ಸೀಟು, ಬೇಕೆಂದಾಗ ತೆಗೆಯಬಹುದಾದ ಛಾವಣಿ, ಉದ್ದ ಮೂಗು, ಗಿಡ್ಡ ಬೆನ್ನು. ಸಂಸಾರವಂದಿಗರ ಲೆಕ್ಕದಲ್ಲಿ ಇದಕ್ಕಿಂತ ನಿರುಪಯೋಗಿ ವಾಹನ ಇನ್ನೊಂದಿಲ್ಲ. ಮಕ್ಕಳನ್ನು ಕೂರಿಸಲು ಜಾಗವಿಲ್ಲ, ಮೂಟೆ ಹಾಕಲು ಸ್ಥಳವಿಲ್ಲ, ಮಳೆ ಬಂದರೆ ಫಜೀತಿ. ಆದರೂ 1950ರ ದಶಕದ ಇಂಥ ಎರಡು ಕಾರುಗಳು, ಷೆವರ್ಲೆಯ ಕಾರ್ವೆಟ್ ಮತ್ತು ಫೋರ್ಡಿನ ಥಂಡರ್‌ಬರ್ಡ್, ಇವತ್ತಿಗೂ ಅಮೆರಿಕದ ಗ್ಯಾರೇಜುಗಳಲ್ಲಿ ಮನೆ ಮಗುವಿನಂತೆ ಆರೈಕೆ ಪಡೆಯುತ್ತಿವೆ. ಹೊಸದರಲ್ಲಿ ಮೂರು ಸಾವಿರ ಡಾಲರಿನ ಆಸುಪಾಸಿನಲ್ಲಿ ಮಾರಾಟವಾದ ಕಾರಿಗೆ ಈಗ ಹತ್ತಾರು ಸಾವಿರ, ಅಪರೂಪದ ಮಾದರಿಗೆ ಲಕ್ಷ ಡಾಲರಿಗೂ ಮಿಕ್ಕಿ ಕೊಡುವವರಿದ್ದಾರೆ. ಅಷ್ಟು ಹಣ ತೆತ್ತು ಅವರು ನಿಜವಾಗಿ ಕೊಳ್ಳುವುದೇನನ್ನು? 'ಚೆನ್ನಾಗಿ ಕಾಪಾಡಿದ ಕಾರು' ಎಂಬ ಮಾತಿನ ಅರ್ಥವೇನು? ಉತ್ತರ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸೈನಿಕರು ತಂದ ರುಚಿ

ಎರಡನೆಯ ಮಹಾಯುದ್ಧ ಮುಗಿಸಿ ಇಂಗ್ಲೆಂಡಿನಿಂದ ಮರಳಿದ ಅಮೆರಿಕದ ಸೈನಿಕರಲ್ಲಿ ಕೆಲವರು ಅಲ್ಲಿನ ಎಂ.ಜಿ. ಮುಂತಾದ ಪುಟ್ಟ ಸ್ಪೋರ್ಟ್ಸ್ ಕಾರುಗಳ ರುಚಿಯನ್ನೂ ಹೊತ್ತು ತಂದರು. ಆಗ ಅಮೆರಿಕದ ಕಂಪನಿಗಳು ತಯಾರಿಸುತ್ತಿದ್ದುದೆಲ್ಲ ಸೋಫಾದಂಥ ಸೀಟುಗಳ ದೊಡ್ಡ ಸಂಸಾರದ ಕಾರುಗಳು. ಜನರಲ್ ಮೋಟಾರ್ಸ್‌ನ ವಿನ್ಯಾಸ ವಿಭಾಗದ ಮುಖ್ಯಸ್ಥ ಹಾರ್ಲಿ ಅರ್ಲ್ ಈ ಕೊರತೆಯನ್ನು ಗುರುತಿಸಿದರು. ಅವರ ಕಲ್ಪನೆಯ ಕಾರ್ವೆಟ್ 1953ರ ಜನವರಿಯಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ನಡೆದ ಕಂಪನಿಯ ಪ್ರದರ್ಶನದಲ್ಲಿ ಜನರ ಮುಂದೆ ಬಂತು. ನೋಡಿದವರು ಮರುಳಾದರು. ಅದೇ ವರ್ಷ ಜೂನ್ ಕೊನೆಯಲ್ಲಿ ಮಿಷಿಗನ್ ರಾಜ್ಯದ ಫ್ಲಿಂಟ್ ಊರಿನಲ್ಲಿ ತಯಾರಿಕೆ ಆರಂಭವಾಯಿತು.

ಆ ವರ್ಷ ಹೊರಬಂದದ್ದು 300 ಕಾರುಗಳು ಮಾತ್ರ, ಹೆಚ್ಚಿನ ಕೆಲಸವೆಲ್ಲ ಕೈಯಿಂದಲೇ. ಎಲ್ಲವೂ ಬಿಳಿ ಬಣ್ಣ, ಒಳಗೆ ಕೆಂಪು ಹೊದಿಕೆ. ಒಡಲು ಉಕ್ಕಿನದಲ್ಲ, ಗಾಜಿನ ನಾರು ಮತ್ತು ರಾಳ ಸೇರಿಸಿ ಎರಕ ಹೊಯ್ದ ಫೈಬರ್‌ಗ್ಲಾಸ್. ಉಕ್ಕಿನ ತಗಡು ಒತ್ತುವ ಅಚ್ಚುಗಳನ್ನು ಸಿದ್ಧಪಡಿಸಲು ಬೇಕಾದ ಸಮಯವೂ ಹಣವೂ ಇಷ್ಟು ಕಡಿಮೆ ಸಂಖ್ಯೆಯ ಕಾರಿಗೆ ಗಿಟ್ಟುವಂತಿರಲಿಲ್ಲ. ಆದರೆ ಮೇಲಿನ ಥಳಕಿಗೆ ತಕ್ಕ ತಿರುಳು ಒಳಗಿರಲಿಲ್ಲ. ಸಂಸಾರದ ಕಾರಿನದೇ ಆರು ಸಿಲಿಂಡರಿನ ಎಂಜಿನ್ನನ್ನು ತಿದ್ದಿ 150 ಅಶ್ವಶಕ್ತಿಗೆ ಏರಿಸಿದ್ದರು. ಗೇರುಗಳು ಎರಡೇ, ಅವೂ ತಾನಾಗಿ ಬದಲಾಗುವಂಥವು. ಬಾಗಿಲಿಗೆ ಹೊರಗಿನಿಂದ ಹಿಡಿಯೇ ಇಲ್ಲ, ಏರಿಸಿ ಇಳಿಸುವ ಗಾಜೂ ಇಲ್ಲ. 1954ರಲ್ಲಿ ಸೇಂಟ್ ಲೂಯಿಸ್‌ನ ಕಾರ್ಖಾನೆಯಿಂದ 3,640 ಕಾರುಗಳು ಹೊರಬಂದವು, ಅವುಗಳಲ್ಲಿ ಎಷ್ಟೋ ಮಾರಾಟವಾಗದೆ ಉಳಿದವು. 1955ರಲ್ಲಿ ತಯಾರಾದದ್ದು 700 ಮಾತ್ರ. ಕಾರ್ವೆಟ್ಟಿನ ಕಥೆ ಮುಗಿಯಿತೆಂದೇ ಎಲ್ಲರೂ ಭಾವಿಸಿದ್ದರು.

ಅದನ್ನು ಬದುಕಿಸಿದ್ದು ಎದುರಾಳಿ. 1954ರ ಅಕ್ಟೋಬರ್ 22ರಂದು ಫೋರ್ಡ್ ತನ್ನ ಥಂಡರ್‌ಬರ್ಡನ್ನು ಮಾರುಕಟ್ಟೆಗೆ ಬಿಟ್ಟಿತು. ಗುಡುಗು ಮಳೆ ತರುತ್ತದೆಂದು ಅಮೆರಿಕದ ಮೂಲನಿವಾಸಿಗಳು ನಂಬುವ ಪೌರಾಣಿಕ ಹಕ್ಕಿಯ ಹೆಸರು ಅದಕ್ಕೆ. ಆರಂಭದ ಬೆಲೆ 2,944 ಡಾಲರು. ಒಡಲು ಉಕ್ಕಿನದು, ಗಾಜುಗಳು ಏರಿಳಿಯುವಂಥವು, ಎಂಜಿನ್ನು ಎಂಟು ಸಿಲಿಂಡರಿನದು, 292 ಘನ ಅಂಗುಲ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 4.8 ಲೀಟರು. ಇದನ್ನು ಸ್ಪೋರ್ಟ್ಸ್ ಕಾರು ಎಂದು ಫೋರ್ಡ್ ಕರೆಯಲೇ ಇಲ್ಲ, 'ಪರ್ಸನಲ್ ಕಾರು' ಎಂದಿತು. ಓಟದ ಪಂದ್ಯಕ್ಕಲ್ಲ, ಸುಖವಾಗಿ ಒಬ್ಬರೋ ಇಬ್ಬರೋ ಹೋಗಿಬರಲು ಎಂಬ ಅರ್ಥದಲ್ಲಿ. ಮೊದಲ ವರ್ಷವೇ 16,155 ಕಾರುಗಳು ತಯಾರಾದವು. ಎದುರಿನ ಅಂಗಡಿಯಲ್ಲಿ ಇಷ್ಟು ವ್ಯಾಪಾರ ನಡೆಯುತ್ತಿರುವಾಗ ತನ್ನ ಅಂಗಡಿ ಮುಚ್ಚುವುದು ಜನರಲ್ ಮೋಟಾರ್ಸ್‌ಗೆ ಅವಮಾನವೆನಿಸಿತು. ಬ್ರಸೆಲ್ಸ್‌ನಲ್ಲಿ ಹುಟ್ಟಿದ ರಷ್ಯನ್ ಮೂಲದ ಎಂಜಿನಿಯರ್ ಜೋರಾ ಅರ್ಕಸ್-ಡುಂಟೋವ್ ಕಾರ್ವೆಟ್ಟನ್ನು ಕೈಬಿಡಬಾರದೆಂದು ಮೇಲಧಿಕಾರಿಗಳಿಗೆ ಬರೆದು ವಾದಿಸಿದರು. 1955ರಲ್ಲಿ ಅದಕ್ಕೂ ಎಂಟು ಸಿಲಿಂಡರಿನ ಎಂಜಿನ್ನು ಬಂತು, 1956ರಲ್ಲಿ ಏರಿಳಿಯುವ ಗಾಜುಗಳು ಬಂದವು, 1957ರಲ್ಲಿ 283 ಘನ ಅಂಗುಲದ ಎಂಜಿನ್ನಿನಿಂದ ಅಷ್ಟೇ, ಅಂದರೆ 283 ಅಶ್ವಶಕ್ತಿ ತೆಗೆದರು. ಅಲ್ಲಿಂದ ಅದು ಹಿಂತಿರುಗಿ ನೋಡಲಿಲ್ಲ.

ಥಂಡರ್‌ಬರ್ಡಿನ ಗತಿ ಬೇರೆಯಾಯಿತು. ಫೋರ್ಡ್ ವಿಭಾಗದ ಮುಖ್ಯಸ್ಥರಾಗಿದ್ದವರು ಮುಂದೆ ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾಗಿ, ವಿಶ್ವಬ್ಯಾಂಕಿನ ಅಧ್ಯಕ್ಷರಾಗಿ ನಮಗೆಲ್ಲ ಪರಿಚಿತರಾದ ರಾಬರ್ಟ್ ಮೆಕ್‌ನಮಾರಾ. ಲೆಕ್ಕಾಚಾರದ ಮನುಷ್ಯ. ಎರಡು ಸೀಟಿನ ಕಾರಿಗೆ ಗಿರಾಕಿ ಎಷ್ಟು ಸಿಕ್ಕಾರು ಎಂದು ಕೇಳಿದ ಅವರು ನಾಲ್ಕು ಸೀಟಿನ ಮಾದರಿಯ ಪರ ನಿಂತರು. ಲೆಕ್ಕ ತಪ್ಪಲಿಲ್ಲ. 1957ರಲ್ಲಿ ಎರಡು ಸೀಟಿನವು 21,380 ತಯಾರಾಗಿದ್ದರೆ, 1960ರಲ್ಲಿ ನಾಲ್ಕು ಸೀಟಿನವು 92 ಸಾವಿರ ದಾಟಿದವು. ಆದರೆ ಇತಿಹಾಸದ ವಿನೋದ ನೋಡಿ: ಲಾಭ ತಂದ ನಾಲ್ಕು ಸೀಟಿನ ಕಾರುಗಳಿಗಿಂತ, ಮೂರೇ ವರ್ಷ ಬದುಕಿದ ಆ 53 ಸಾವಿರದಷ್ಟು ಎರಡು ಸೀಟಿನ ಕಾರುಗಳನ್ನೇ ಜನ ಇಂದು ಹುಡುಕುತ್ತಾರೆ. 1973ರ 'ಅಮೆರಿಕನ್ ಗ್ರಾಫಿಟಿ' ಚಿತ್ರದಲ್ಲಿ ಬೀದಿಯಲ್ಲಿ ಸುಳಿದು ಮಾಯವಾಗುವ ಬಿಳಿಯ 1956ರ ಥಂಡರ್‌ಬರ್ಡ್ ಒಂದು ಪೀಳಿಗೆಯ ಕನಸಿನಲ್ಲಿ ಉಳಿದುಬಿಟ್ಟಿತು.

ತಗಡಿನ ಪಟ್ಟಿಯ ಭಾಷೆ

ಹಾಗಾದರೆ ಕೊಳ್ಳುವವರು ಮೊದಲು ಆ ತಗಡಿನ ಪಟ್ಟಿಯನ್ನು ಏಕೆ ನೋಡುತ್ತಾರೆ? ಅದು ಕಾರಿನ ಜಾತಕ. ಮೊದಲ ಕಾರ್ವೆಟ್ಟಿನ ಸಂಖ್ಯೆ ಇ53ಎಫ್001001. ಇ ಎಂದರೆ ಕಾರ್ವೆಟ್, 53 ಎಂದರೆ ವರ್ಷ, ಎಫ್ ಎಂದರೆ ಫ್ಲಿಂಟ್ ಕಾರ್ಖಾನೆ, ಉಳಿದದ್ದು ಕ್ರಮಸಂಖ್ಯೆ. ಆ ವರ್ಷದ ಕೊನೆಯ ಕಾರಿನದು 001300. ಯಾರಾದರೂ 001350 ಎಂಬ 1953ರ ಕಾರ್ವೆಟ್ ತೋರಿಸಿದರೆ ಅಲ್ಲಿಂದ ಎದ್ದು ಬರಬೇಕು ಅಷ್ಟೆ. ಥಂಡರ್‌ಬರ್ಡಿನ ಪಟ್ಟಿಯೂ ಹೀಗೇ ಮಾತಾಡುತ್ತದೆ. ಪಿ5ಎಫ್‌ಎಚ್ ಎಂದು ಆರಂಭವಾದರೆ, ಪಿ ಎಂಜಿನ್ನಿನ ಗುರುತು, 5 ಎಂದರೆ 1955, ಎಫ್ ಎಂದರೆ ಡಿಯರ್‌ಬಾರ್ನ್ ಕಾರ್ಖಾನೆ, ಎಚ್ ಎಂದರೆ ಥಂಡರ್‌ಬರ್ಡಿನ ಒಡಲು. ಅಕ್ಷರ ಒಂದೇ ಆದರೂ ಅದರ ಸ್ಥಾನ ನೋಡಿ ಅರ್ಥ ಮಾಡಬೇಕು. ಷೆವರ್ಲೆಯಲ್ಲಿ ಫ್ಲಿಂಟನ್ನು ಹೇಳುವ ಎಫ್ ಇಲ್ಲಿ ಡಿಯರ್‌ಬಾರ್ನ್ ಆಗುತ್ತದೆ.

ಮೋಸ ನುಸುಳುವುದೂ ಈ ಅಕ್ಷರಗಳ ಮೂಲಕವೇ. 1957ರಲ್ಲಿ ಫೋರ್ಡ್ ಕೆಲವೇ ಥಂಡರ್‌ಬರ್ಡುಗಳಿಗೆ ಸೂಪರ್‌ಚಾರ್ಜರ್ ಜೋಡಿಸಿ 300 ಅಶ್ವಶಕ್ತಿ ಕೊಟ್ಟಿತು. ಅಂಥ ಕಾರಿನ ಮೊದಲ ಅಕ್ಷರ ಎಫ್. ತಯಾರಾದದ್ದು ಇನ್ನೂರರ ಆಸುಪಾಸು. ಸಾಮಾನ್ಯ ಕಾರಿನದು ಡಿ ಅಥವಾ ಸಿ. ಒಂದು ಅಕ್ಷರದ ವ್ಯತ್ಯಾಸಕ್ಕೆ ಬೆಲೆ ಹಲವು ಪಟ್ಟು ಹೆಚ್ಚುವುದಾದರೆ, ಆ ಅಕ್ಷರವನ್ನು ತಿದ್ದುವ ಕೈಗಳೂ ಹುಟ್ಟಿಕೊಳ್ಳುತ್ತವೆ. ಸೂಪರ್‌ಚಾರ್ಜರನ್ನು ಆಮೇಲೆ ತಂದು ಜೋಡಿಸುವುದು ಅಸಾಧ್ಯವೇನಲ್ಲ. ಹಾಗಾಗಿ ತಿಳಿದವರು ಬಾಗಿಲ ಪಟ್ಟಿಯನ್ನು ಮಾತ್ರ ನಂಬದೆ ಚಾಸಿಯ ಮೇಲೆ ಕುಟ್ಟಿರುವ ಸಂಖ್ಯೆಯನ್ನೂ ಹುಡುಕಿ ತಾಳೆ ನೋಡುತ್ತಾರೆ.

ಮಾರುವವರ ಬಾಯಲ್ಲಿ ಪದೇ ಪದೇ ಕೇಳಿಬರುವ ಒಂದು ಮಾತುಂಟು: 'ಮ್ಯಾಚಿಂಗ್ ನಂಬರ್ಸ್'. ಕಾರ್ಖಾನೆಯಿಂದ ಹೊರಟಾಗ ಇದ್ದ ಎಂಜಿನ್ನೇ ಇಂದೂ ಇದೆ ಎಂದು ಇದರ ಅರ್ಥ. 1960ರ ದಶಕದ ಕಾರ್ವೆಟ್ಟುಗಳಲ್ಲಿ ಎಂಜಿನ್ನಿನ ಮೇಲೂ ಕಾರಿನ ಕ್ರಮಸಂಖ್ಯೆಯನ್ನು ಒತ್ತುತ್ತಿದ್ದುದರಿಂದ ಈ ಮಾತನ್ನು ಪರೀಕ್ಷಿಸಬಹುದು. ಆದರೆ 1955-57ರ ಥಂಡರ್‌ಬರ್ಡುಗಳ ಎಂಜಿನ್ನಿನ ಮೇಲೆ ಫೋರ್ಡ್ ಕಾರಿನ ಸಂಖ್ಯೆಯನ್ನು ಒತ್ತುತ್ತಲೇ ಇರಲಿಲ್ಲ. ಅಲ್ಲಿರುವುದು ಎರಕ ಹೊಯ್ದ ದಿನಾಂಕದ ಗುರುತು ಮಾತ್ರ. ಅದು ಕಾರು ಜೋಡಿಸಿದ ದಿನಕ್ಕಿಂತ ಸ್ವಲ್ಪ ಮುಂಚಿನದಾಗಿದ್ದರೆ 'ಇದ್ದರೂ ಇರಬಹುದು' ಎನ್ನಬಹುದು, ಅಷ್ಟೆ. ಅಂಥ ಕಾರಿನ ಬಗ್ಗೆ ಆಣೆ ಪ್ರಮಾಣ ಮಾಡಿ 'ನಂಬರು ಹೊಂದುತ್ತದೆ' ಎನ್ನುವವರಿಗೆ ಒಂದೋ ವಿಷಯ ಗೊತ್ತಿಲ್ಲ, ಇಲ್ಲವೇ ಕೊಳ್ಳುವವರಿಗೆ ಗೊತ್ತಿಲ್ಲವೆಂಬ ಭರವಸೆಯಿದೆ.

ಈ ಪಟ್ಟಿ ಬರಿಯ ಶೋಕಿಯವರ ಗೀಳು ಎಂದು ತಿಳಿಯಬೇಕಾಗಿಲ್ಲ. ಕಾನ್ಸಾಸ್ ರಾಜ್ಯದ ಒಬ್ಬರು 2016ರಲ್ಲಿ ಪಕ್ಕದ ಇನ್ನೊಂದು ರಾಜ್ಯದ ವ್ಯಾಪಾರಿಯಿಂದಲ್ಲ, ದೂರದ ಇಂಡಿಯಾನಾದಿಂದ 1959ರ ಕೆಂಪು ಕಾರ್ವೆಟ್ ಕೊಂಡರು. ಕೊಟ್ಟದ್ದು ಐವತ್ತು ಸಾವಿರ ಡಾಲರು. ತಮ್ಮ ರಾಜ್ಯದಲ್ಲಿ ನೋಂದಾಯಿಸಲು ಒಯ್ದಾಗ ಹೆದ್ದಾರಿ ಪೊಲೀಸರ ತಪಾಸಣೆಯಲ್ಲಿ ಸಂಖ್ಯೆಯ ಪಟ್ಟಿಯನ್ನು ಎಂದೋ ಬಿಚ್ಚಿ ಮರಳಿ ಕೂರಿಸಿರುವುದು ಕಂಡಿತು. ಹಿಂದಿನ ಯಾರೋ ರಿಪೇರಿ ಮಾಡಿ ಬಣ್ಣ ಹೊಡೆಯುವಾಗ ಹಾಗೆ ಮಾಡಿದ್ದರು. ಕಾರು ಕದ್ದದ್ದಲ್ಲ, ಕೊಂಡವರು ತಪ್ಪು ಮಾಡಿದವರಲ್ಲ. ಆದರೆ ಅಲ್ಲಿನ ಕಾನೂನಿನ ಪ್ರಕಾರ ಪಟ್ಟಿ ಬಿಚ್ಚಿದ ಕಾರು ನಿಷಿದ್ಧ ವಸ್ತು, ಅದನ್ನು ನಾಶ ಮಾಡಬೇಕು. 2017ರಲ್ಲಿ ಜಪ್ತಿಯಾದ ಕಾರಿಗಾಗಿ ಅವರು ವರ್ಷಗಟ್ಟಲೆ ಕೋರ್ಟು ಅಲೆದರು. ಕೊನೆಗೆ 2022ರಲ್ಲಿ ರಾಜ್ಯದ ಶಾಸನಸಭೆ ಕಾನೂನನ್ನೇ ತಿದ್ದಿತು. ಕಾರು ಮನೆಗೆ ಬಂದದ್ದು 2023ರಲ್ಲಿ. ಒಂದು ಬೆರಳುದ್ದದ ತಗಡು, ಆರು ವರ್ಷದ ವನವಾಸ. ಪಟ್ಟಿಯ ಮೊಳೆಗಳು ಹಳೆಯವೇ ಹೊಸವೇ ಎಂದು ಟಾರ್ಚು ಹಿಡಿದು ನೋಡುವವರನ್ನು ಕಂಡು ನಗುವ ಮುನ್ನ ಈ ಕಥೆ ನೆನಪಿರಲಿ.

ತುಕ್ಕು ಎಂಬ ಗೆದ್ದಲು

ಕಾಗದಪತ್ರ ಸರಿಯಿದ್ದರೆ ಮುಂದಿನದು ಮೈ. ಥಂಡರ್‌ಬರ್ಡಿನ ಉಕ್ಕಿನ ಒಡಲಿಗೆ ತುಕ್ಕೇ ಶತ್ರು. ಮರಕ್ಕೆ ಗೆದ್ದಲು ಹಿಡಿದಂತೆ ಅದು ಒಳಗಿನಿಂದ ತಿನ್ನುತ್ತಾ ಬರುತ್ತದೆ, ಹೊರಗೆ ಕಾಣುವ ಹೊತ್ತಿಗೆ ಅರ್ಧ ಕೆಲಸ ಮುಗಿದಿರುತ್ತದೆ. ಚಳಿನಾಡಿನ ರಸ್ತೆಗಳಲ್ಲಿ ಹಿಮ ಕರಗಿಸಲು ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಬಾಗಿಲ ಕೆಳಗಿನ ಟೊಳ್ಳು ಪಟ್ಟಿಗಳಲ್ಲಿ, ಕಾಲಿಡುವ ನೆಲದಲ್ಲಿ, ಡಿಕ್ಕಿಯ ತಳದಲ್ಲಿ, ಮುಂದಿನ ದೀಪದ ಹಿಂಬದಿಯಲ್ಲಿ ನಿಂತು ತನ್ನ ಕೆಲಸ ಮಾಡುತ್ತದೆ. ಹಾಗಾಗಿಯೇ ಅರಿಜೋನಾ, ಕ್ಯಾಲಿಫೋರ್ನಿಯಾದಂಥ ಒಣ ಪ್ರದೇಶದಲ್ಲಿ ಬಾಳಿದ ಕಾರಿಗೆ ಮರ್ಯಾದೆ ಹೆಚ್ಚು. ಅಲ್ಲಿ ಸೀಟು ಬಿಸಿಲಿಗೆ ಬಿರಿದಿರಬಹುದು, ಆದರೆ ಎಲುಬು ಗಟ್ಟಿ. ಸೀಟು ಹೊಲಿಸಬಹುದು, ಎಲುಬು ಹೊಲಿಸುವುದು ಕಷ್ಟ.

ತುಕ್ಕು ತಿಂದ ಜಾಗಕ್ಕೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಇದಕ್ಕೆ ಹಳೆಯ ಉಪಾಯವೊಂದಿದೆ. ಮೆತ್ತನೆಯ ಬಟ್ಟೆಯಲ್ಲಿ ಸುತ್ತಿದ ಪುಟ್ಟ ಅಯಸ್ಕಾಂತವನ್ನು ಒಡಲಿನ ಮೇಲೆ ಸರಿಸುತ್ತಾ ಹೋಗುವುದು. ಉಕ್ಕಿದ್ದಲ್ಲಿ ಅಂಟುತ್ತದೆ, ಪುಟ್ಟಿ ದಪ್ಪವಾಗಿದ್ದಲ್ಲಿ ಜಾರಿ ಬೀಳುತ್ತದೆ. ಆದರೆ ಈ ಪರೀಕ್ಷೆಯನ್ನು ಥಂಡರ್‌ಬರ್ಡಿನ ಗಟ್ಟಿ ಛಾವಣಿಯ ಮೇಲೆ ಮಾಡಿ ಹೌಹಾರಬಾರದು, ಬಿಚ್ಚಿಡಬಹುದಾದ ಆ ಛಾವಣಿ ಮೂಲದಲ್ಲೇ ಫೈಬರ್‌ಗ್ಲಾಸಿನದು. ಕಾರ್ವೆಟ್ಟಿನ ಒಡಲೆಲ್ಲ ಫೈಬರ್‌ಗ್ಲಾಸೇ ಆದ್ದರಿಂದ ಅಲ್ಲಿ ಅಯಸ್ಕಾಂತಕ್ಕೆ ಕೆಲಸವಿಲ್ಲ. ಹಾಗೆಂದು 'ಕಾರ್ವೆಟ್ಟಿಗೆ ತುಕ್ಕು ಹಿಡಿಯುವುದಿಲ್ಲ' ಎಂಬ ಮಾತನ್ನು ನಂಬಿ ಕೆಟ್ಟವರಿದ್ದಾರೆ. ಒಡಲು ಕೂತಿರುವ ಚಾಸಿ ಉಕ್ಕಿನದು. 1963ರ ನಂತರದ ಮಾದರಿಗಳಲ್ಲಿ ಮುಂದಿನ ಗಾಜಿನ ಸುತ್ತಲೂ ಒಳಗೆ ಉಕ್ಕಿನ ಹಂದರವಿದೆ. ಹೊರಗೆ ಹೊಳೆಯುವ ಕಾರಿನ ಒಳಹಂದರ ಕೈಯಲ್ಲಿ ಪುಡಿಯಾಗುವಂತಿದ್ದರೆ ಅದನ್ನು ಸರಿಪಡಿಸಲು ಇಡೀ ಕಾರನ್ನೇ ಬಿಚ್ಚಬೇಕಾಗುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಯಾವ ವರ್ಷದ ಕಾರು ಎಂಬುದೂ ಮುಖ್ಯ. ಒಂದೊಂದು ವರ್ಷವೂ ಹಿಂದಿನ ವರ್ಷದ ದೂರುಗಳಿಗೆ ಕೊಟ್ಟ ಉತ್ತರವಾಗಿದೆ. 1955ರ ಥಂಡರ್‌ಬರ್ಡಿನಲ್ಲಿ ಕೂತವರಿಗೆ ಸೆಕೆಯಾಗುತ್ತಿತ್ತು, ಛಾವಣಿ ಹಾಕಿದರೆ ಹಿಂದಿನ ಮೂಲೆ ಕಾಣುತ್ತಿರಲಿಲ್ಲ, ಡಿಕ್ಕಿಯಲ್ಲಿ ಜಾಗವಿರಲಿಲ್ಲ. 1956ರಲ್ಲಿ ಗಾಳಿಯ ಕಿಂಡಿ ಇಟ್ಟರು, ಛಾವಣಿಗೆ ಹಡಗಿನ ಕಿಟಕಿಯಂಥ ದುಂಡು ಗಾಜು ಕೂರಿಸಿದರು, ಸ್ಟೆಪ್ನಿಯನ್ನು ಹೊರಗೆ ಬೆನ್ನಿಗೆ ಕಟ್ಟಿದರು. ಹಿಂದಕ್ಕೆ ಭಾರ ಹೆಚ್ಚಿ ಓಟದ ಹದ ಕೆಟ್ಟಿತು. 1957ರಲ್ಲಿ ಡಿಕ್ಕಿಯನ್ನೇ ಉದ್ದ ಮಾಡಿ ಸ್ಟೆಪ್ನಿಯನ್ನು ಮತ್ತೆ ಒಳಗೆ ಹಾಕಿದರು. 1955ರದರಲ್ಲಿ ಬ್ಯಾಟರಿ ಆರು ವೋಲ್ಟಿನದು, 1956ರಿಂದ ಹನ್ನೆರಡು. ದಿನ ಬಳಕೆಗೆ 1957ರದು ಅನುಕೂಲ, ಮೂಲ ರೂಪದ ಚೆಲುವಿಗೆ 1955ರದು ಎಂದು ಬಲ್ಲವರ ಪಂಗಡಗಳೇ ಇವೆ.

ನಿಲ್ಲಿಸಿಟ್ಟ ಕಾರಿನ ಕಾಯಿಲೆ

'ಮುವ್ವತ್ತು ವರ್ಷ ಗ್ಯಾರೇಜಿನಿಂದ ಹೊರಗೇ ತೆಗೆದಿಲ್ಲ' ಎಂದು ಮಾರುವವರು ಹೆಮ್ಮೆಯಿಂದ ಹೇಳುತ್ತಾರೆ. ಕೇಳುವವರಿಗೆ ಇದು ಒಳ್ಳೆಯ ಸುದ್ದಿಯೆನಿಸುತ್ತದೆ. ನಿಜದಲ್ಲಿ ಇದು ಎಚ್ಚರಿಕೆಯ ಗಂಟೆ. ಓಡದ ಕಾರು ವಾಸವಿಲ್ಲದ ಮನೆಯಿದ್ದಂತೆ. ಟ್ಯಾಂಕಿನ ಪೆಟ್ರೋಲು ಅಂಟಾಗಿ ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಎಣ್ಣೆ ಸೋರದಂತೆ ತಡೆಯುವ ರಬ್ಬರು, ತೊಗಲುಗಳು ಒಣಗಿ ಬಿರಿಯುತ್ತವೆ. ಬ್ರೇಕಿನ ಎಣ್ಣೆ ಗಾಳಿಯ ತೇವ ಹೀರಿ ಒಳಗಿನ ಕೊಳವೆಗಳಿಗೆ ತುಕ್ಕು ಹಿಡಿಸುತ್ತದೆ. ಸೀಟಿನೊಳಗೆ ಇಲಿ ಸಂಸಾರ ಹೂಡುತ್ತದೆ. ವರ್ಷಕ್ಕೆ ಸಾವಿರ ಮೈಲಿಯಾದರೂ ಓಡಿದ, ಎಣ್ಣೆ ಬದಲಿಸಿದ ರಸೀದಿಗಳಿರುವ ಕಾರು, ಮುಸುಕು ಹಾಕಿ ಮಲಗಿಸಿದ ಕಾರಿಗಿಂತ ಆರೋಗ್ಯವಂತ. ಮೈಲಿ ತೋರಿಸುವ ಮೀಟರನ್ನು ನೆಚ್ಚುವಂತಿಲ್ಲ. ಅದರಲ್ಲಿರುವುದು ಐದೇ ಅಂಕಿ, 99,999 ಆದ ಮೇಲೆ ಮತ್ತೆ ಸೊನ್ನೆ. ಇಷ್ಟು ಹಳೆಯ ಕಾರುಗಳಿಗೆ ಮೈಲಿಯ ಲೆಕ್ಕ ಬರೆದುಕೊಡಬೇಕೆಂಬ ಕಾನೂನೂ ಅಲ್ಲಿಲ್ಲ. ಬ್ರೇಕಿನ ಪೆಡಲಿನ ರಬ್ಬರು ಸವೆದು ನುಣುಪಾಗಿದ್ದು ಮೀಟರು ಇಪ್ಪತ್ತು ಸಾವಿರ ತೋರಿಸಿದರೆ, ಪೆಡಲನ್ನೇ ನಂಬಬೇಕು.

ಎಂಜಿನ್ನಿಗೂ ಅದರದೇ ಆದ ಜಾತಿಗುಣವಿದೆ. ಥಂಡರ್‌ಬರ್ಡಿನ ಎಂಜಿನ್ನಿನಲ್ಲಿ ತಲೆಯ ಮೇಲಿನ ವಾಲ್ವುಗಳ ಭಾಗಕ್ಕೆ ಎಣ್ಣೆ ಸರಿಯಾಗಿ ಏರುವುದಿಲ್ಲವೆಂಬ ದೂರು ಹಳೆಯದು. ಎಂಜಿನ್ನು ಬಿಸಿಯಾದ ಮೇಲೆ ಮೇಲಿನಿಂದ ಟಕಟಕ ಸದ್ದು ಬರುತ್ತಿದೆಯೇ ಎಂದು ಕಿವಿಗೊಟ್ಟು ಕೇಳಬೇಕು. ಅದಕ್ಕಾಗಿಯೇ ಜಾಣ ಗಿರಾಕಿ ತಾನು ಬರುವ ಮುನ್ನ ಕಾರನ್ನು ಚಾಲೂ ಮಾಡಬೇಡಿ ಎಂದು ಹೇಳಿ ಕಳಿಸುತ್ತಾನೆ. ತಣ್ಣಗಿರುವ ಎಂಜಿನ್ನು ಹತ್ತುವಾಗ ಮಾಡುವ ಸದ್ದು, ಉಗುಳುವ ಹೊಗೆ, ಬಿಸಿಯಾದಾಗ ಬದಲಾಗುವ ರೀತಿ, ಇವೆಲ್ಲ ಮುಚ್ಚಿಡಲಾಗದ ಸತ್ಯಗಳು. ನೀಲಿ ಹೊಗೆಯೆಂದರೆ ಎಣ್ಣೆ ಉರಿಯುತ್ತಿದೆ. ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಸೇರುತ್ತಿದೆ. ಇನ್ನು ಪೆಟ್ರೋಲು. ಈ ಎಂಜಿನ್ನುಗಳು ಹುಟ್ಟಿದ್ದು ಸೀಸ ಬೆರೆಸಿದ ಪೆಟ್ರೋಲಿನ ಕಾಲದಲ್ಲಿ. ರಸ್ತೆಯ ವಾಹನಗಳಿಗೆ ಅಂಥ ಪೆಟ್ರೋಲನ್ನು ಅಮೆರಿಕ 1996ರಲ್ಲಿ ಪೂರ್ತಿ ನಿಲ್ಲಿಸಿತು. ಈಗ ಬೆರೆಸುವುದು ಎಥೆನಾಲ್, ಅದು ಹಳೆಯ ಕಾಲದ ರಬ್ಬರಿಗೆ ಆಗಿಬರುವುದಿಲ್ಲ. ಪೆಟ್ರೋಲಿನ ಕೊಳವೆಗಳನ್ನು ಹೊಸ ಬಗೆಯವಕ್ಕೆ ಬದಲಿಸದ ಕಾರು ಒಂದು ದಿನ ರಸ್ತೆಯಲ್ಲಿ ಹೊತ್ತಿಕೊಳ್ಳಬಹುದು.

ಜೀವದ ಪ್ರಶ್ನೆ ಇರುವುದು ಬ್ರೇಕಿನಲ್ಲಿ. ಆ ಕಾಲದ ಕಾರುಗಳಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ನಾಲ್ಕಕ್ಕೂ ಎಣ್ಣೆ ಹೋಗುವುದು ಒಂದೇ ಸಿಲಿಂಡರಿನಿಂದ. ಎಲ್ಲಿಯಾದರೂ ಒಂದು ಕೊಳವೆ ಒಡೆದರೆ ನಾಲ್ಕೂ ಬ್ರೇಕು ಒಟ್ಟಿಗೆ ಹೋಗುತ್ತವೆ. ಕಾರ್ವೆಟ್ಟಿಗೆ ಡಿಸ್ಕ್ ಬ್ರೇಕು ಬಂದದ್ದು 1965ರಲ್ಲಿ. ಸೀಟುಬೆಲ್ಟನ್ನು ಫೋರ್ಡ್ 1956ರಲ್ಲಿ ಬೇಕಾದವರಿಗೆ ಹೆಚ್ಚುವರಿ ಬೆಲೆಗೆ ಕೊಡಲಾರಂಭಿಸಿತು, ಹೆಚ್ಚಿನವರು ಬೇಡವೆಂದರು. ಟಯರುಗಳದು ಇನ್ನೊಂದು ಮೋಸ. ಓಡಿಲ್ಲದ ಕಾರಿನ ಟಯರಿನಲ್ಲಿ ಗೀರು ಹೊಸದರಂತೆ ಆಳವಾಗಿಯೇ ಇರುತ್ತದೆ, ಆದರೆ ರಬ್ಬರು ಸತ್ತಿರುತ್ತದೆ. 2000ದಿಂದೀಚೆಗೆ ತಯಾರಾದ ಟಯರಿನ ಬದಿಯಲ್ಲಿರುವ ಕೊನೆಯ ನಾಲ್ಕು ಅಂಕಿಗಳು ಅದು ಯಾವ ವರ್ಷದ ಎಷ್ಟನೆಯ ವಾರದಲ್ಲಿ ಹುಟ್ಟಿತೆಂದು ಹೇಳುತ್ತವೆ. 1508 ಎಂದಿದ್ದರೆ 2008ರ ಹದಿನೈದನೆಯ ವಾರ. ಗೀರು ಎಷ್ಟೇ ಚೆನ್ನಾಗಿರಲಿ, ಅದನ್ನು ಬಿಸಾಡಲೇಬೇಕು.

ಜೀರ್ಣೋದ್ಧಾರದ ಪ್ರಶ್ನೆ

ಇಲ್ಲಿಗೆ ನಾವು ಮೊದಲು ಕೇಳಿದ ಪ್ರಶ್ನೆಗೆ ಬಂದೆವು. ಕೊಳ್ಳುವುದು ಏನನ್ನು? ಹೊಚ್ಚ ಹೊಸದಾಗಿ ಕಾಣುವಂತೆ ಪೂರ್ತಿ ನವೀಕರಿಸಿದ ಕಾರೋ, ಬಣ್ಣ ಮಾಸಿದರೂ ಮೂಲದ್ದೇ ಉಳಿದಿರುವ ಕಾರೋ? ಒಂದು ಕಾಲದಲ್ಲಿ ಮೊದಲನೆಯದಕ್ಕೇ ಬೆಲೆ. ಈಗ ಗಾಳಿ ಬದಲಾಗಿದೆ. ಕಾರು ಒಂದೇ ಸಲ 'ಮೂಲ'ವಾಗಿರಲು ಸಾಧ್ಯ ಎಂಬುದು ಅಲ್ಲಿನ ಸಂಗ್ರಾಹಕರ ಗಾದೆಯೇ ಆಗಿದೆ. 1974ರಲ್ಲಿ ಹುಟ್ಟಿದ ಕಾರ್ವೆಟ್ ನವೀಕರಣಕಾರರ ರಾಷ್ಟ್ರೀಯ ಸಂಘದ ತೀರ್ಪುಗಾರರು ಕಾರಿನ ಒಂದೊಂದು ತಿರುಪನ್ನೂ ನೋಡಿ ಅಂಕ ಕೊಡುತ್ತಾರೆ. ಅವರ ಮಾನದಂಡ ಚೆಲುವಲ್ಲ, ಕಾರ್ಖಾನೆಯಿಂದ ಹೊರಬಂದಾಗ ಹೇಗಿತ್ತು ಎಂಬುದು. ಆಗಿನ ಬಣ್ಣದಲ್ಲಿ ಕಿತ್ತಳೆ ಸಿಪ್ಪೆಯಂಥ ಸಣ್ಣ ತರಿಗಳಿದ್ದರೆ ಈಗಲೂ ಇರಬೇಕು. ಕನ್ನಡಿಯಂತೆ ನುಣುಪಾಗಿ ಬಳಿದರೆ ಅಂಕ ಕಳೆಯುತ್ತಾರೆ!

ಇದು ನಮಗೆ ಅಪರಿಚಿತ ವಾದವೇನಲ್ಲ. ನೂರಾರು ವರ್ಷದ ಕಲ್ಲಿನ ಗುಡಿಗೆ ಜೀರ್ಣೋದ್ಧಾರದ ಹೆಸರಿನಲ್ಲಿ ಎಣ್ಣೆ ಬಣ್ಣ ಬಳಿದು, ನೆಲಕ್ಕೆ ಟೈಲ್ಸ್ ಹಾಸಿದ್ದನ್ನು ಕಂಡು ಮರುಗಿದವರಿಗೆ ಇದು ಅರ್ಥವಾಗುತ್ತದೆ. ಬಣ್ಣ ಬಳಿದವರಿಗೆ ಭಕ್ತಿ ಕಡಿಮೆಯಿತ್ತೆಂದಲ್ಲ. ಗುಡಿ ಉಳಿಯಿತು, ಉಳಿಯಬೇಕಾಗಿದ್ದ ಉಳಿಯ ಗುರುತು ಹೋಯಿತು. ಆದರೆ ಇನ್ನೊಂದು ಮುಖವೂ ಇದೆ. ತೇರಿನ ಗಾಲಿ ಕೊಳೆತರೆ ಹೊಸ ಗಾಲಿ ಕೂರಿಸುತ್ತೇವೆ, ಅಚ್ಚು ಮುರಿದರೆ ಬದಲಿಸುತ್ತೇವೆ, ತೇರು ಅದೇ ತೇರು. ಎಳೆಯಲಾಗದ ತೇರು ತೇರಲ್ಲವಷ್ಟೆ.

ಈ ಎರಡು ದಾರಿಗಳ ನಡುವಿನ ಆಯ್ಕೆ 2014ರಲ್ಲಿ ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್ ಊರಿನ ರಾಷ್ಟ್ರೀಯ ಕಾರ್ವೆಟ್ ವಸ್ತುಸಂಗ್ರಹಾಲಯಕ್ಕೆ ಎದುರಾಯಿತು. ಫೆಬ್ರವರಿ 12ರ ಬೆಳಗಿನ ಜಾವ ಕಟ್ಟಡದೊಳಗೆ ನೆಲ ಕುಸಿದು ಎಂಟು ಕಾರ್ವೆಟ್ಟುಗಳು ಗುಳಿಯೊಳಗೆ ಬಿದ್ದವು. ಎಲ್ಲವನ್ನೂ ಮೇಲೆತ್ತಿದರು. ಮೂರನ್ನು ದುರಸ್ತಿ ಮಾಡಿದರು. ಅವುಗಳಲ್ಲಿ ಒಂದು 1962ರದು. ಇನ್ನೊಂದು 1992ರಲ್ಲಿ ತಯಾರಾದ ಹತ್ತು ಲಕ್ಷದ ಕಾರ್ವೆಟ್, 1953ರ ಮೊದಲ ಕಾರುಗಳ ನೆನಪಿಗೆ ಬಿಳಿ ಬಣ್ಣ, ಕೆಂಪು ಒಳಾಂಗಣ ಹೊತ್ತದ್ದು. ಉಳಿದ ಐದು ಎಷ್ಟು ನಜ್ಜುಗುಜ್ಜಾಗಿದ್ದವೆಂದರೆ, ಅವನ್ನು ಮತ್ತೆ ಕಟ್ಟಿದರೆ ಹೊಸ ಸಾಮಾನಿನ ಹೊಸ ಕಾರೇ ಆಗುತ್ತಿತ್ತು. ಅವನ್ನು ಹಾಗೆಯೇ ಬಿಟ್ಟರು. ಮುರಿದದ್ದೂ ಒಂದು ಚರಿತ್ರೆಯೇ ಎಂದು ಒಪ್ಪಿಕೊಂಡ ತೀರ್ಮಾನ ಅದು.

ನಮ್ಮ ದೇಶದ ಕಾನೂನೂ ಈಗ ಈ ವಾದದಲ್ಲಿ ಒಂದು ಪಕ್ಷ ಹಿಡಿದಿದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ ಐವತ್ತು ವರ್ಷ ದಾಟಿದ ವಾಹನವನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು, ಸಂಖ್ಯೆಯಲ್ಲಿ 'ವಿಎ' ಎಂಬ ಅಕ್ಷರಗಳಿರುತ್ತವೆ. ಷರತ್ತು ಏನೆಂದರೆ ವಾಹನ ಮೂಲ ರೂಪದಲ್ಲೇ ಇರಬೇಕು. ಚಾಸಿ, ಒಡಲು, ಎಂಜಿನ್ನುಗಳನ್ನು ಬದಲಿಸಿ ಕಟ್ಟಿದ್ದಾಗಿರಬಾರದು. ಅದನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ ಮುಂತಾದ ಕೆಲಸಕ್ಕೆ ಬಿಟ್ಟು ದಿನನಿತ್ಯ ಓಡಿಸುವಂತಿಲ್ಲ. ಹೀಗಾಗಿ ನಮ್ಮ ಬಹುಮಂದಿ ಹಳೆಯ ಕಾರು ನೋಡುವುದು ಧರ್ಮಸ್ಥಳದ ಕಾರು ಸಂಗ್ರಹಾಲಯದಂಥ ಜಾಗದಲ್ಲಿ, ಹಗ್ಗದ ಆಚೆ. ಡೆಟ್ರಾಯಿಟ್ ಸುತ್ತಮುತ್ತ ಕಾರು ಕಂಪನಿಗಳಲ್ಲಿ ದುಡಿಯುವ ಕನ್ನಡಿಗರಿಗೆ ಬೇರೆ ನೋಟ ಸಿಗುತ್ತದೆ. 1995ರಿಂದ ಆಗಸ್ಟಿನಲ್ಲಿ ಅಲ್ಲಿನ ವುಡ್‌ವರ್ಡ್ ಅವೆನ್ಯೂದಲ್ಲಿ ನಡೆಯುವ ಹಳೆಯ ಕಾರುಗಳ ಮೆರವಣಿಗೆಯಲ್ಲಿ ಅವು ಹೊಗೆಯುಗುಳುತ್ತಾ, ಸದ್ದು ಮಾಡುತ್ತಾ, ಕೆಲವೊಮ್ಮೆ ನಡುದಾರಿಯಲ್ಲಿ ಕೆಟ್ಟು ನಿಲ್ಲುತ್ತಾ ಓಡುತ್ತವೆ.

ಕೊನೆಗೆ ಕೊಳ್ಳುವವರಿಗೆ ಬಲ್ಲವರು ಹೇಳುವ ಮಾತುಗಳು ಸರಳ. ಕೈಲಾದಷ್ಟರಲ್ಲಿ ಅತ್ಯಂತ ಸುಸ್ಥಿತಿಯ ಕಾರನ್ನೇ ಕೊಳ್ಳಿ, ಏಕೆಂದರೆ ಅಗ್ಗದ ಕಾರನ್ನು ಸರಿಪಡಿಸುವ ಖರ್ಚು ಅನೇಕ ಸಲ ಒಳ್ಳೆಯ ಕಾರಿನ ಬೆಲೆಯನ್ನೇ ಮೀರುತ್ತದೆ. ಮಾರುವವರ ಸಂಬಂಧಿಯಲ್ಲದ, ಆ ಜಾತಿಯ ಕಾರನ್ನೇ ಬಿಚ್ಚಿ ಕಟ್ಟಿ ಬಲ್ಲ ಮೆಕ್ಯಾನಿಕ್ಕಿಗೆ ದುಡ್ಡು ಕೊಟ್ಟು ತೋರಿಸಿ. ಕಾರಿಗಿಂತ ಮೊದಲು ಅದರ ರಸೀದಿಗಳನ್ನು ಓದಿ. ಹಣ ಬೆಳೆಯುತ್ತದೆಂಬ ಆಸೆಗೆ ಕೊಳ್ಳಬೇಡಿ. ಈ ಕಾರುಗಳ ಕನಸು ಕಂಡ ಪೀಳಿಗೆ ಮುದುಕಾಗುತ್ತಿದೆ, ಮುಂದಿನವರಿಗೆ ಇವುಗಳ ಮೇಲೆ ಅದೇ ಮೋಹ ಇದ್ದೀತೆಂಬ ಖಾತ್ರಿಯಿಲ್ಲ. ಕಾರ್ಬ್ಯುರೇಟರಿನ ಉಸಿರಾಟವನ್ನು ಕಿವಿಯಿಂದಲೇ ಅಳೆದು ಹದ ಮಾಡುವ ಕೈಗಳೂ ಕಡಿಮೆಯಾಗುತ್ತಿವೆ. ಕಾರನ್ನು ಕಾಪಾಡುವುದೆಂದರೆ ಕೊನೆಗೆ ಆ ಕೈಗಳ ತಿಳಿವಳಿಕೆಯನ್ನು ಕಾಪಾಡುವುದೇ. ತಗಡು, ರಬ್ಬರು, ತಿರುಪುಗಳನ್ನು ಮತ್ತೆ ತಯಾರಿಸಬಹುದು. ಸದ್ದು ಕೇಳಿ ರೋಗ ಹೇಳುವ ಕಿವಿಯನ್ನು ತಯಾರಿಸಲು ಒಬ್ಬರ ಪಕ್ಕದಲ್ಲಿ ಇನ್ನೊಬ್ಬರು ವರ್ಷಗಟ್ಟಲೆ ನಿಲ್ಲಬೇಕು. ಅದಕ್ಕೂ ಕಾರು ಓಡುತ್ತಲೇ ಇರಬೇಕು.